ಕೊಂಬೂದುವವರನ್ನು ಬೈಯುವ ಮೊದಲು



ಈ ವರ್ಷ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ತೇರಿಗೆ ಹೋಗಿದ್ದೆ. ತೇರಿನ ಮುಂದೆ ಇಬ್ಬರು ಹಿರಿಯರು ಹೊಸ ಹಿತ್ತಾಳೆ ಕೊಂಬುಗಳನ್ನು ಊದುತ್ತಿದ್ದರು. ನಾದಗಳು ಒಂದಕ್ಕೊಂದು ಹೊಂದಲೇ ಇಲ್ಲ. "ಇವ್ರಿಗೆ ಊದಾಕ ಬರಂಗಿಲ್ಲ, ಮುಂದಿನ ವರ್ಷ ಡಿಜೆ ತರಸೂಣು" ಎಂದು ಸಮಿತಿಯ ಒಬ್ಬಾತ ಎಲ್ಲರೆದುರು ಗದರಿದ. ಅವನು ನನ್ನ ಹಳೆಯ ವಿದ್ಯಾರ್ಥಿ. ಹಿರಿಯರು ತಲೆ ತಗ್ಗಿಸಿದರು. ಈ ಅನ್ಯಾಯವನ್ನು ಕಂಡು ಸುಮ್ಮನಿರಲಾರೆ.

ಕೊಂಬಿನ ಶ್ರುತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಅದರೊಳಗಿನ ವಾಯುಸ್ತಂಭದ ಉದ್ದ. ಉದ್ದ ಹೆಚ್ಚಿದಂತೆ ಸ್ವರ ಇಳಿಯುತ್ತದೆ. ಬ್ಯಾಂಡಿನವರ ಟ್ರಂಪೆಟ್ಟಿನ ಕೊಳವೆಯನ್ನು ಬಿಡಿಸಿ ಅಳೆದರೆ ಸುಮಾರು 1.48 ಮೀಟರ್, ಟ್ರಂಬೋನಿನದು ಸುಮಾರು 2.7 ಮೀಟರ್. ಉದ್ದ ಹೆಚ್ಚುಕಡಿಮೆ ಇಮ್ಮಡಿಯಾದುದರಿಂದ ಅದರ ಸ್ವರ ಒಂದು ಸ್ಥಾಯಿ ಕೆಳಗಿರುತ್ತದೆ. ಬಾಗುವಿಕೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಎರಡು ತುಂಡಿನ ಕೊಂಬನ್ನು ಅರ್ಧಚಂದ್ರದಂತೆ ಜೋಡಿಸಿದರೂ ಹಾವಿನಂತೆ ಜೋಡಿಸಿದರೂ ಶ್ರುತಿ ಅದೇ.

"ತುದಿ ಅಗಲವಾಗಿದ್ದರೆ ಸಾಕು" ಎಂದು ವಾದಿಸುವವರಿದ್ದಾರೆ. ಅರಳಿದ ತುದಿ ನಾದವನ್ನು ದೂರಕ್ಕೆ ಬೀರಲು ನೆರವಾಗುತ್ತದೆ, ನಾದದ ಗುಣವನ್ನೂ ಮಾರ್ಪಡಿಸುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಬಗೆಯ ಎರಡು ಕೊಂಬುಗಳು ಕೂಡಿ ನುಡಿಯಬೇಕಾದರೆ ಉದ್ದ ಸಮವಾಗಿರಬೇಕು. ಒಂದೂವರೆ ಮೀಟರಿನ ಜೋಡಿಯಲ್ಲಿ ಒಂದು 9 ಸೆಂಟಿಮೀಟರ್ ಗಿಡ್ಡವಾದರೆ, ಒಬ್ಬರು ಷಡ್ಜ ಊದುವಾಗ ಇನ್ನೊಬ್ಬರದು ಕೋಮಲ ರಿಷಭವಾಗುತ್ತದೆ. ತುಟಿಯ ಬಿಗಿಯಿಂದ ತುಸು ಸರಿಪಡಿಸಬಹುದು. ತೇರು ಪಾದಗಟ್ಟೆ ಮುಟ್ಟಿ ಮರಳುವವರೆಗೂ ಹಾಗೆಯೇ ಊದೆಂದರೆ ಯಾರಿಂದ ಸಾಧ್ಯ?

ಅಂದು ಸಂಜೆ ದಾರ ಹಿಡಿದು ಅಳೆದೆ. ಎರಡು ಕೊಂಬುಗಳ ನಡುವೆ ನಾಲ್ಕು ಬೆರಳಿಗೂ ಮಿಕ್ಕಿದ ಅಂತರವಿತ್ತು. ಕೊಂಡವರು ಹೊಳಪನ್ನೂ ತೂಕವನ್ನೂ ನೋಡಿದ್ದರು. ಊದುವವರನ್ನು ಒಂದು ಮಾತೂ ಕೇಳಿರಲಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ಗದರಿದವನಿಗೆ ಶಬ್ದದ ಪಾಠ ಹೇಳಿದವನು ನಾನೇ. ಕಪ್ಪುಹಲಗೆಯ ಮೇಲೆ ಕೊಳವೆಯ ಚಿತ್ರ ಬರೆದು ಸೂತ್ರ ಬಾಯಿಪಾಠ ಮಾಡಿಸಿದೆ. ಗುಡಿಯಲ್ಲಿ ತೂಗುಹಾಕಿದ್ದ ಕೊಂಬನ್ನು ಒಂದು ದಿನವೂ ತರಗತಿಗೆ ತರಿಸಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಜಾತ್ರಾ ಸಮಿತಿಗಳಲ್ಲಿರುವ ಶಿಷ್ಯರೇ, ಮುಂದೆ ಕೊಂಬು ಕೊಳ್ಳುವಾಗ ಊದುವವರನ್ನೇ ಜೊತೆಗೆ ಕರೆದೊಯ್ಯಿರಿ. ಕೊಳವೆಯ ಬಾಗಿನ ಗುಂಟ ದಾರ ಹಿಡಿದು ಅಳೆಯಿರಿ, ಎರಡನ್ನೂ ಒಟ್ಟಿಗೆ ಊದಿಸಿ ಕೇಳಿರಿ. ಅಂದು ಗದರಿದ ತಮ್ಮನಿಗೆ ಇಷ್ಟೇ ಹೇಳುತ್ತೇನೆ: ಆ ಹಿರಿಯರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಪ್ಪಾ. ನಾನೂ ಬರುತ್ತೇನೆ.