ಭಟ್ಕಳದಿಂದ ಹೊನ್ನಾವರದಷ್ಟು ಉದ್ದದ ಕಿವಿ

ಭಟ್ಕಳದಲ್ಲಿ ಬಸ್ಸು ಹತ್ತಿ ಹೊನ್ನಾವರದಲ್ಲಿ ಇಳಿದರೆ ಹೆಚ್ಚುಕಡಿಮೆ 40 ಕಿಲೋಮೀಟರ್. ಅಷ್ಟುದ್ದದ ಎರಡು ಕೊಳವೆಗಳನ್ನು 'ಎಲ್' ಆಕಾರದಲ್ಲಿ ಕೂರಿಸಿ, ಒಳಗಿನ ಗಾಳಿ ತೆಗೆದು, ಲೇಸರ್ ಬೆಳಕು ಓಡಿಸುವ ಯೋಜನೆ ಅಮೆರಿಕದಲ್ಲಿದೆ. ಹೆಸರು ಕಾಸ್ಮಿಕ್ ಎಕ್ಸ್‌ಪ್ಲೋರರ್. ಯುರೋಪಿನವರ ಐನ್‌ಸ್ಟೈನ್ ಟೆಲಿಸ್ಕೋಪ್ ನೆಲದಡಿ 200 ಮೀಟರಿಗೂ ಆಳದಲ್ಲಿ ಬರಬೇಕು. ಯಾಕೆಂದರೆ ಲಾರಿ, ರೈಲು, ಗಾಳಿ ಎಲ್ಲವೂ ನೆಲ ನಡುಗಿಸುತ್ತವೆ. ಕಡಲಿನ ತೆರೆಗಳಿಂದ ದೂರದ ಒಳನಾಡೂ ಸಣ್ಣಗೆ ಕಂಪಿಸುತ್ತದೆ. ಮಳೆಗಾಲದಲ್ಲಿ ಕಡಲ ಪಕ್ಕ ಮಲಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಗುರುತ್ವ ಅಲೆ ಹಿಡಿಯಲು. ಎರಡು ಕಪ್ಪುಕುಳಿ ಒಂದಕ್ಕೊಂದು ಸೇರಿದಾಗ ಜಾಗವೇ ಹಿಗ್ಗಿ ಕುಗ್ಗುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಇದನ್ನು ಮೊದಲ ಬಾರಿ ಹಿಡಿಯಿತು. ಅದರ ತೋಳು 4 ಕಿಲೋಮೀಟರ್ ಮಾತ್ರ.

"ಅದ್ರಿಂದ ನಮ್ಗೇನು ಬಂತು ಮಾರಾಯ?" ಎಂದರು ಅಡಿಕೆ ಸುಲಿಯುತ್ತಿದ್ದ ದೊಡ್ಡಪ್ಪ. ಕೇಳಬೇಕಾದ ಪ್ರಶ್ನೆಯೇ. 2017ರ ಆಗಸ್ಟ್‌ನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದ ಸದ್ದು ಸಿಕ್ಕಿತು. ದೂರದರ್ಶಕ ತಿರುಗಿಸಿ ನೋಡಿದರೆ, ಚಿನ್ನದಂಥ ಭಾರದ ಧಾತುಗಳು ಅಲ್ಲಿ ಹುಟ್ಟಿದ ಗುರುತು. ದೊಡ್ಡಮ್ಮನ ಕರಿಮಣಿಯ ಚಿನ್ನದಲ್ಲಿ ಎಷ್ಟು ಪಾಲು ಇಂಥ ಡಿಕ್ಕಿಯಿಂದ ಬಂದದ್ದು? ಒಂದೆರಡು ಡಿಕ್ಕಿ ನೋಡಿ ಹೇಳಲಾಗದು. ರಾಶಿ ರಾಶಿ ಕೇಳಿಸಿಕೊಳ್ಳುವ ಹೊಸ ಯಂತ್ರಗಳು ಬೇಕು.

ಇನ್ನೊಂದು, ನಮ್ಮವರದೇ ಲೆಕ್ಕ. ಇಡಗುಂಜಿಯಲ್ಲಿ ಗಂಟೆ ಬಾರಿಸಿ ಕೈಬಿಟ್ಟ ಮೇಲೂ ನಾದ ಉಳಿಯುತ್ತದಲ್ಲ, ಕಲಕಿದ ಕಪ್ಪುಕುಳಿಯೂ ಹಾಗೇ ಮೊಳಗಿ ಸುಮ್ಮನಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಅಲ್ಲಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ನಾದ ಕೇಳಿ ಗಂಟೆ ಎಷ್ಟು ದೊಡ್ಡದೆಂದು ಹೇಳುವಂತೆ, ಕಪ್ಪುಕುಳಿಯ ತೂಕ ಮತ್ತು ಸುತ್ತುವ ವೇಗ ಹೇಳಬಹುದು. ಆ ಕ್ಷೀಣ ನಾದ ಸ್ಪಷ್ಟವಾಗಿ ಕೇಳಲು ಈಗಿನದಕ್ಕಿಂತ ಚುರುಕಾದ ಕಿವಿ ಬೇಕು.

ಇಷ್ಟಿದ್ದೂ ನಾವು ಮಾಡಿದ್ದೇನು? ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಧಾ ನಾಗನಾಥದಲ್ಲಿ ಲೈಗೋ-ಇಂಡಿಯಾ ಕಟ್ಟಲು ತಾತ್ವಿಕ ಒಪ್ಪಿಗೆ ಸಿಕ್ಕಿದ್ದು 2016ರ ಫೆಬ್ರವರಿಯಲ್ಲಿ. 2,600 ಕೋಟಿ ರೂಪಾಯಿಗೆ ಪೂರ್ಣ ಒಪ್ಪಿಗೆ 2023ರ ಏಪ್ರಿಲ್‌ನಲ್ಲಿ. ಏಳು ವರ್ಷ! (ಚತುಷ್ಪಥ ಕಾಮಗಾರಿ ನೋಡಿದ ನಮಗೇನೂ ಹೊಸದಲ್ಲ.) ಅದೂ 4 ಕಿಲೋಮೀಟರಿನದೇ. ಹಣ ದಂಡ ಎನ್ನುವವರ ಜೊತೆ ನಾನಿಲ್ಲ, ತಡವಾದದ್ದೇ ದಂಡ. 4 ಕಿಲೋಮೀಟರಿನದನ್ನು ಕಟ್ಟಿ ಕೈ ಪಳಗದೆ 40ರ ಮಾತು ಆಡುವಂತಿಲ್ಲ.

ಇಲ್ಲಿ ಪಿಎಚ್‌ಡಿ ಆದವರಿಗಷ್ಟೇ ಕೆಲಸ ಎಂದುಕೊಳ್ಳಬೇಡಿ. ಕಿಲೋಮೀಟರ್‌ಗಟ್ಟಲೆ ಕೊಳವೆಯನ್ನು ಕೂದಲೆಳೆಯಷ್ಟೂ ಸೋರದಂತೆ ಬೆಸೆಯಲು ವೆಲ್ಡರ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ಕಂಪ್ಯೂಟರ್ ಬಲ್ಲವರು ಬೇಕು. ಕುಮಟಾದಲ್ಲಿ ಈಗ ಒಂಬತ್ತನೇ ತರಗತಿಯಲ್ಲಿ ಕೂತವರು ಕೆಲಸ ಹುಡುಕುವ ಹೊತ್ತಿಗೆ ಸರಿಯಾಗಿ ಇವೆಲ್ಲ ನಡೆಯುತ್ತಿರುತ್ತವೆ. ಊರಿನ ಕಾಲೇಜಿನಲ್ಲಿ ಮುಂದಿನ ಸಲ 'ಪಿಯುಸಿ ನಂತರ ಏನು' ಎಂದು ಸಭೆ ಮಾಡಿದರೆ, ನೀಟ್, ಸಿಇಟಿ ಮುಗಿದ ಮೇಲೆ ಎದ್ದು ನಿಂತು ಇದನ್ನೂ ಕೇಳಿ.