ಅಲಾರಾಂ ಹೊಡೀತು, ಗುಳಿಗಿ ಹೊಟ್ಟಿಗೆ ಹೋತೇನು?

ಊರಿಗೆ ಬಂದ ಮಕ್ಕಳು ವಾಪಸ್ ಹೋಗೂಮುಂದ ಅಪ್ಪ-ಅವ್ವನ ಮೊಬೈಲಿನ್ಯಾಗ ಮೂರು ಅಲಾರಾಂ ಇಟ್ಟು ಹೋಗ್ತಾರ. ಗುಳಿಗಿ ನೆನಪಿಸೂ ಕೆಲಸ ಮುಗೀತು ಅಂತ ಅವರಿಗೆ ಸಮಾಧಾನ. ನನಗ ಕೇಳಿದ್ರ ಅದು ಅರ್ಧಾ ಕೆಲಸ. ಅಲಾರಾಂ ಹೊಡೀತದ, ಅಪ್ಪಾರು ಒತ್ತಿ ಬಂದ್ ಮಾಡ್ತಾರ, "ಈ ಪುಟಾ ಓದಿ ಏಳ್ತೀನಿ" ಅಂತ ಮತ್ತ ಪೇಪರ್ ಹಿಡೀತಾರ. ಅಷ್ಟರಾಗ ಬಾಗಿಲಿಗೆ ಕಾಯಿಪಲ್ಯದಾಕಿ ಬರ್ತಾಳ. ಹತ್ತು ಗಂಟೇಕ್ಕ ಮಗಳ ಫೋನು, "ಗುಳಿಗಿ ತಗೊಂಡೀ ಏನಪ್ಪಾ?" "ಹೂಂ, ತಗೊಂಡೆ." ಅಲಾರಾಂ ಬಂದ್ ಮಾಡಿದ್ದು ನೆನಪದ. ಗುಳಿಗಿ ನುಂಗಿದ್ದು ಇವತ್ತಿಂದೋ ನಿನ್ನಿದೋ, ದೇವರಿಗೇ ಗೊತ್ತು.

ಮರೆಯೂದಕ್ಕಿಂತ ಈ "ತಗೊಂಡೆನೋ ಇಲ್ಲೋ" ಅನ್ನೂ ಅನುಮಾನಾನೇ ಹೆಚ್ಚು ಅಪಾಯ. ನಮ್ಮ ಬೀಗರ ಮನ್ಯಾಗ ಅಜ್ಜಾರು ಸಕ್ಕರಿ ಬ್ಯಾನಿ ಗುಳಿಗಿ ಅಲಾರಾಂ ಹೊಡದಾಗ ಒಮ್ಮೆ ತಗೊಂಡ್ರು, ನಾಷ್ಟಾದ ಹೊತ್ತಿಗೆ ಅಜ್ಜಿ ಕೈಯಾಗ ಕೊಟ್ಟಾಗ ಮತ್ತೊಮ್ಮೆ. ಮಧ್ಯಾಹ್ನ ಊಟಕ್ಕ ಕೂಡೂದರಾಗ ಮೈಯೆಲ್ಲಾ ಬೆವರು, ಕೈ ನಡುಕ. ಮಷೀನಿನ್ಯಾಗ ನೋಡಿದ್ರ 52. ಸಕ್ಕರಿ 70ರ ಕೆಳಗ ಇಳದ್ರನೇ ಕಡಿಮಿ ಆತು ಅಂತ ಲೆಕ್ಕ. ಸಕ್ಕರಿ ನೀರು ಕುಡಿಸಿ ದವಾಖಾನಿಗೆ ಒಯ್ದರು, ಉಳಕೊಂಡ್ರು.

ಅದಕ್ಕ ನಾ ಹೇಳೂದು, ಸಪ್ಪಳ ಮಾಡೂ ಫೋನಿಗಿಂತ ಗುರುತು ಉಳಿಸೂ ವಸ್ತು ಬೇಕು. ವಾರದ ಏಳು ಖಾನಿ ಇರೂ ಡಬ್ಬಿ ಮೆಡಿಕಲ್ ಅಂಗಡ್ಯಾಗ ಸಿಗ್ತದ. ಮಂಗಳವಾರದ ಖಾನಿ ಖಾಲಿ ಅಂದ್ರ ಖಾಲಿ, ವಾದಾ ಇಲ್ಲ. (ಕೆಲವು ಗುಳಿಗಿ ಹಾಳ್ಯಾಗಿಂದ ತಗದಿಡಬಾರದು, ಕೇಳಿ ಹಾಕ್ರಿ.) ಡಬ್ಬಿ ಬ್ಯಾಡಂದ್ರ ಗುಳಿಗಿ ಹಾಳಿ ಮ್ಯಾಲ ಬಾಲ್ ಪೆನ್ನಿಲೆ ತಾರೀಖ ಬರದ್ರೂ ಆತು. ಥೈರಾಯ್ಡ್ ಗುಳಿಗಿ ಬಹಳ ಸಲ ಬಾಟ್ಲಿಯೊಳಗ ಒಟ್ಟಿಗೇ ಬರ್ತಾವ, ಎಣಸೂದು ಯಾರು? ಮುಂಜಾನಿ ತಗೊಂಡ ಕೂಡ್ಲೆ ಬಾಟ್ಲಿ ತಲಿ ಕೆಳಗ ಮಾಡಿ ಇಡ್ರಿ. ರಾತ್ರಿ ಮಲಗೂಮುಂದ ಸರಿ ಮಾಡ್ರಿ.

ಇನ್ನ ಗುಳಿಗೀನ ಯಾವ ಗೂಟಕ್ಕ ಕಟ್ಟಬೇಕು ಅನ್ನೂದು. ಹೆಣ್ಣಮಕ್ಕಳಿಗೆ ಮನಿಗೆಲಸದಷ್ಟು ಗಟ್ಟಿ ಗೂಟ ಬ್ಯಾರೆ ಇಲ್ಲ. ಆದ್ರ ಸಿಕ್ಕದ್ದಕ್ಕ ಕಟ್ಟಬಾರದು. ಥೈರಾಯ್ಡ್ ಗುಳಿಗಿ ಚಾದ ಜೋಡಿ ತಗೊಳ್ಳೋರನ್ನ ನೋಡೀನಿ. ಅದು ಖಾಲಿ ಹೊಟ್ಟಿಗೆ, ಬರೇ ನೀರಿನ್ಯಾಗ ಹೋಗಬೇಕು, ಆಮ್ಯಾಲ ಅರ್ಧಾ-ಒಂದು ತಾಸು ಏನೂ ಬ್ಯಾಡ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿ ಇದ್ರ ನಾಕು ತಾಸು ದೂರ ಇರಲಿ. ಎದ್ದು ಬಾಯಿ ತೊಳಕೊಂಡು ಗುಳಿಗಿ ನುಂಗಿ, ಅಂಗಳದ ಕಸಾ ಹೊಡದು, ನೀರು ಹಾಕಿ, ರಂಗೋಲಿ ಮುಗಸ್ರಿ. ಅರ್ಧಾ ತಾಸು ತಾನೇ ಆಗ್ತದ, ಆಮ್ಯಾಲ ಚಾಕ್ಕಿಡ್ರಿ. ಟೀವಿ ಧಾರಾವಾಹಿಗೆ ಮಾತ್ರ ಕಟ್ಟಬ್ಯಾಡ್ರಿ. ಅವರು ಟೈಮ್ ಬದಲಿ ಮಾಡಿದ್ರ ನಿಮ್ಮ ಬಿ.ಪಿ. ಗುಳಿಗೀನೂ ಅದರ ಹಿಂದ ಹೋಗ್ತದ.

ಊಟಕ್ಕ ಕಟ್ಟಿದ ಸಕ್ಕರಿ ಗುಳಿಗಿಗೆ ಏಕಾದಶಿ ಬಂತಂದ್ರ ಗೂಟಾನೇ ಇಲ್ಲ. ಊಟ ಇಲ್ಲ, ಗುಳಿಗಿ ಮಾತ್ರ ಹೋತು ಅಂದ್ರ ಮತ್ತ ಅದೇ ಬೆವರು, ಅದೇ ನಡುಕ. ಇಲ್ಲಿ ಫೋನು ಖರೇನೇ ಉಪಯೋಗ. ಏಕಾದಶಿ ಹಿಂದಿನ ದಿನಕ್ಕ ಅಲಾರಾಂ ಇಟ್ಟು, "ಡಾಕ್ಟರಿಗೆ ಕೇಳು" ಅಂತ ಕನ್ನಡದಾಗ ಹೆಸರು ಕೊಟ್ಟಿಡ್ರಿ. ದೂರ ಇದ್ದ ಮಕ್ಕಳು ಬಾಯಿಮಾತು ಕೇಳೂದು ಬಿಟ್ಟು, ದಿನಾ ಡಬ್ಬಿ ಫೋಟೋ ವಾಟ್ಸಾಪಿಗೆ ಹಾಕ್ರಿ ಅನ್ನಲಿ. ಒಂದು ಹೊತ್ತು ತಪ್ಪಿತಂತ ಮುಂದಿನ ಹೊತ್ತಿಗೆ ಎರಡು ಕೂಡಿಸಿ ನುಂಗೂದು ಮಾತ್ರ ಬ್ಯಾಡೇ ಬ್ಯಾಡ.

ಮಧ್ಯಾಹ್ನದ ಗುಳಿಗಿದೇ ತ್ರಾಸು. ಒಂದಿನ ಊಟ ಒಂದಕ್ಕ, ಒಂದಿನ ಮೂರಕ್ಕ, ಮದವಿ-ಮುಂಜಿ ಇದ್ದ ದಿನಾ ಡಬ್ಬಿ ಮನ್ಯಾಗನ ಇರ್ತದ. ಸಕ್ಕರಿ ಗುಳಿಗ್ಯಾಗ ನಿಧಾನ ಕರಗಿ ದಿನಕ್ಕ ಒಮ್ಮೆ ಸಾಕಾಗೂವೂ ಇರ್ತಾವ. ಮುಂದಿನ ಸಲ ಚೀಟಿ ಬರೀವಾಗ ಡಾಕ್ಟರಿಗೆ ಅದನ್ನ ಕೇಳಿ ನೋಡ್ರಿ.