ಕೋಟಿಂಗ್‌ಗೆ ಮುಂಚೆ ಕಾರಿನ ತಳ ತೊಳೆಯಿರಿ

ಕಾರಿನ ತಳ ತುಕ್ಕು ಹಿಡಿಯುವುದು ಮಂಗಳೂರಿನಂಥ ಕಡಲೂರುಗಳ ಚಿಂತೆ, ಕಾಳಗಿ, ಸೇಡಂ, ಚಿಂಚೋಳಿಯವರದ್ದಲ್ಲ ಎಂಬ ಮಾತಿದೆ. ಅದು ಅರ್ಧ ನಿಜ. ಉಪ್ಪುಗಾಳಿ ಇಲ್ಲಿಲ್ಲ, ಬೇಸಿಗೆಯ ಒಣಹವೆಯೂ ತಗಡಿಗೆ ಒಳ್ಳೆಯದೇ. ಆದರೆ ತುಕ್ಕಿಗೆ ನೀರು, ಆಮ್ಲಜನಕ ಸಾಕು. ಉಪ್ಪು ಅದರ ವೇಗ ಹೆಚ್ಚಿಸುತ್ತದೆ, ಅಷ್ಟೇ. ಮಳೆಗಾಲದಲ್ಲಿ ಮಡ್‌ಗಾರ್ಡ್ ಸಂದಿಗೆ ಮೆತ್ತಿಕೊಂಡ ಎರೆಮಣ್ಣು ಹೊರಗೆ ಒಣಗಿ ಬಿರುಕು ಬಿಟ್ಟರೂ ಒಳಗೆ ಹಸಿಯಾಗಿಯೇ ಇರುತ್ತದೆ. ವಾಡಿ, ಮಳಖೇಡ ಕಡೆಯ ಸಿಮೆಂಟ್ ಧೂಳೇ ತಗಡನ್ನು ತಿನ್ನುತ್ತದೆ ಎನ್ನುವುದೂ ಸರಿಯಲ್ಲ. ಸಿಮೆಂಟ್ ಕ್ಷಾರೀಯ, ಕಾಂಕ್ರೀಟಿನೊಳಗಿನ ಸರಳನ್ನು ಕಾಯುವುದು ಆ ಗುಣವೇ. ಅಪಾಯ ಬೇರೆಡೆ ಇದೆ: ನೀರು ಬಿದ್ದು ಗಟ್ಟಿಯಾದ ಧೂಳು ಬಾಗಿಲ ಕೆಳಗಿನ ನೀರು ಬಸಿಯುವ ತೂತುಗಳನ್ನು ಮುಚ್ಚಿದರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಬಳಿದ ಯಾವ ಬಣ್ಣವೂ ಅದನ್ನು ತಡೆಯದು.

ತುಕ್ಕು ತಡೆಯಲೆಂದು ತಳಕ್ಕೆ ಹೊಡೆಸುವ ಕೋಟಿಂಗ್‌ಗೆ ನನ್ನ ವಿರೋಧವಿಲ್ಲ, ಅದರ ಅವಸರಕ್ಕಿದೆ. ಕೆಸರಿನ ಮೇಲೆಯೇ ಸ್ಪ್ರೇ ಮಾಡಿದರೆ ತೇವ ಒಳಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಕಪ್ಪು ಪದರ ನಯವಾಗಿ ಕಾಣುವಾಗಲೇ ಅಡಿಯಲ್ಲಿ ತುಕ್ಕು ಹಬ್ಬುತ್ತದೆ. ಹೊಸ ಕಾರಿಗೆ ಕಂಪನಿಯೇ ರಕ್ಷಣೆ ಕೊಟ್ಟಿರುತ್ತದಲ್ಲ ಎನ್ನಬಹುದು. ಹೌದು, ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಪದರ ಕೂರಿಸಿರುತ್ತಾರೆ. ಆದರೆ ಶಹಾಬಾದ್ ಕಡೆ ಕಲ್ಲಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಸಿಡಿದ ಚೂರು ಆ ಪದರವನ್ನು ಕೆತ್ತಿದಲ್ಲಿ ತಗಡು ಬತ್ತಲೆಯೇ. ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ, ಕಾರನ್ನು ಲಿಫ್ಟಿಗೇರಿಸಿ ತೊಳೆಸಿ. ಪೂರ್ತಿ ಒಣಗಿದ ಮೇಲೆ ತುಕ್ಕು ಉಜ್ಜಿಸಿ, ಪ್ರೈಮರ್ ಹಚ್ಚಿಸಿ, ಆಮೇಲೆ ಕೋಟಿಂಗ್ ಹೊಡೆಸಿ. ಸೈಲೆನ್ಸರ್, ಬ್ರೇಕ್, ಬಸಿಯುವ ತೂತುಗಳ ಮೇಲೆ ಅದು ಬೀಳದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.